ಮಲಕಾಜಪ್ಪನ ರಿವಾಲ್ವರ್

ರಬಕವಿಯ ಸೀರೆ ವ್ಯಾಪಾರಿ ಮಲಕಾಜಪ್ಪ ತೀರಿಕೊಂಡ ಮೇಲೆ ಅವನ ರಿವಾಲ್ವರಿನ ಲೈಸೆನ್ಸು ಮಗಳು ನೇತ್ರಾಳ ಹೆಸರಿಗೆ ಬಂತು. ಅವಳು ಆ ರಿವಾಲ್ವರನ್ನು ಜಮಖಂಡಿಯಲ್ಲಿ ಬಂದೂಕು ರಿಪೇರಿ ಮಾಡುವ ದುಂಡೇಶನ ಅಂಗಡಿಗೆ ಒಯ್ದಳು. ವರ್ಷಗಟ್ಟಲೆ ಬಿದ್ದು ತುಕ್ಕು ಹಿಡಿದು, ಗುಂಡು ತುಂಬುವ ಗಾಲಿಯೇ ತಿರುಗುತ್ತಿರಲಿಲ್ಲ.

"ಮಾರೋರೇನ್ರಿ ಅಕ್ಕಾರ?"

"ಹೌದ್ರಿ. ಮೊದಲ ಛಲೋ ಮಾಡಿ ಕೊಡ್ರಿ."

ನೇತ್ರಾ ಚಿಕ್ಕವಳಿದ್ದಾಗ, ಸಿಟ್ಟು ಬಂದಾಗಲೆಲ್ಲ ಅಪ್ಪ ಅದನ್ನು ತಲೆದಿಂಬಿನ ಕೆಳಗಿಂದ ತೆಗೆದು ಅವ್ವನ ಹಣೆಗಿಟ್ಟು ಟ್ರಿಗರ್ ಎಳೆಯುತ್ತಿದ್ದ. ಟಕ್. "ಇವತ್ತ ಖಾಲಿ ಐತಿ, ನಾಳಿದು ಹೇಳಾಕ ಬರೂದಿಲ್ಲ" ಎಂದು ನಗುತ್ತಿದ್ದ. ಪಕ್ಕದ ಮನೆಗಳ ಮಗ್ಗಗಳ ಗದ್ದಲದಲ್ಲೂ ಆ ಸದ್ದು ಅವಳಿಗೆ ಬೇರೆಯಾಗಿ ಕೇಳುತ್ತಿತ್ತು. ಈಗಲೂ ಯಾರಾದರೂ ಚಿಲಕ ಹಾಕಿದರೆ ಬೆಚ್ಚುತ್ತಾಳೆ.

ರಿಪೇರಿ ಮುಗಿದಾಗ ದುಂಡೇಶ ಹೇಳಿದ: "ಇದು ಗುಂಡ ಹಾರಸೂ ಹಂಗ ಇರಲಿಲ್ರಿ. ಗುಂಡಿನ ಬೆನ್ನಿಗೆ ಬಡಿಯೂ ಮೊನಿ ಯಾರೋ ಕಬ್ಬಿಣ ತಿಕ್ಕೂ ಕಾನಸ್ ಹಚ್ಚಿ ತಿಕ್ಕಿ ತಗದಾರ. ಭಾಳ ಹಿಂದಿನ ಕೆಲಸ. ಈಗ ಹೊಸಾದು ಕೂಡ್ರಿಸೇನಿ."

ನೇತ್ರಾ ರಿವಾಲ್ವರನ್ನು ಚೀಲದಲ್ಲಿಟ್ಟುಕೊಂಡು ಹಗುರಾಗಿ ಮನೆಗೆ ಬಂದಳು. ಅವ್ವ ರುಕ್ಮವ್ವ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು.

"ಯವ್ವಾ, ಅದು ಯಾವತ್ತೂ ಹಾರತಿರಲಿಲ್ಲಂತ ಬೇ!"

"ಗೊತ್ತೈತಿ. ನಾನ ತಿಕ್ಕಿದ್ನಿ. ನೀ ಹುಟ್ಟಿದ ವರ್ಷ, ನಿಮ್ಮಪ್ಪ ಸೊಲ್ಲಾಪುರಕ್ಕ ಹ್ವಾದಾಗ."

"ಮತ್ತ ಯಾಕ ಅಷ್ಟ ನಡಗತಿದ್ದಿ?"

"ಪ್ರತಿ ಸಲಾನೂ, ರಿಪೇರಿ ಮಾಡಿಸ್ಯಾನೋ ಏನೋ ಅನಸ್ತಿತ್ತವ್ವಾ. ಅವನ್ನ ಕೇಳಾಕ ಬರತಿತ್ತೇನು?" ರುಕ್ಮವ್ವನ ಕಣ್ಣು ಮಗಳ ಚೀಲದ ಮೇಲೆ ನಿಂತಿತು. "ಈಗ ಹಾರತೈತೇನು?"

ಸುಳ್ಳು ಹೇಳಲು ನೇತ್ರಾಗೆ ಹೊಳೆಯಲಿಲ್ಲ. "ಹಾರತೈತಿ."

ರುಕ್ಮವ್ವ ಎದ್ದು ಗೋಡೆಗೆ ಬೆನ್ನು ಹಚ್ಚಿದಳು. ಕಣ್ಣು ಮುಚ್ಚಿ, ಮುಖ ತುಸು ಮೇಲೆತ್ತಿ, ಹಣೆ ಒಡ್ಡಿ ನಿಂತಳು.

ನೇತ್ರಾ ನಿಂತ ಕಾಲಲ್ಲೇ ಪೊಲೀಸ್ ಠಾಣೆಗೆ ಹೋದಳು. ಮಾರುವ ಮಾತೇ ಬೇಡವೆನಿಸಿತು. ರಿವಾಲ್ವರನ್ನು ಅಲ್ಲಿ ಒಪ್ಪಿಸಿ, ಇನ್ನು ತನಗೆ ಅದು ಬೇಡವೇ ಬೇಡ ಎಂದು ಬರೆದುಕೊಟ್ಟಳು.

ಮರಳಿ ಬಂದಾಗ ಅವ್ವ ಒಳಗಿನ ಕೋಣೆಯಲ್ಲಿದ್ದಳು. ಹಾಸಿಗೆಯ ಮೇಲಿನ ತಲೆದಿಂಬುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ನೋಡುತ್ತಿದ್ದಳು.

"ಕೊಟ್ಟ ಬಂದ್ನಿ ಬೇ, ಯವ್ವಾ. ಮನ್ಯಾಗಿಲ್ಲ ಅದು."

"ಹೂಂ, ಛಲೋ ಆತವ್ವಾ," ಎಂದಳು ರುಕ್ಮವ್ವ. ಮುಂದಿನ ದಿಂಬು ಎತ್ತಿದಳು.