ತೊಟ್ಟಿಲಿನ ಬೀಗ

ಮ್ಯೂಸಿಯಂ ಮೇಡಂ ಮತ್ತೆ ಮನೆಗೆ ಬಂದು, ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂತಾಗ ಸೊಸೆಯ ಅನುಮಾನ ಇನ್ನಷ್ಟು ಬಲಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

“ಏನಿಡಬೇಕು, ಏನು ಬರೀಬೇಕು, ಈ ಸಲ ಎಲ್ಲಾ ನಿಮ್ಮ ಕೇರಿಯವರೇ ಹೇಳಿ. ಆ ಬೆತ್ತದ ತೊಟ್ಟಿಲೊಂದು ಕೊಟ್ರೆ ಸಾಕಮ್ಮ.”

ಹಿಂದೊಮ್ಮೆ ಅದೇ ಮ್ಯೂಸಿಯಮ್ಮಿನಿಂದ ಬಂದವರು ಅತ್ತೆ ಹೆಣೆದ ಪೆಟ್ಟಿಗೆಯನ್ನು ಒಯ್ದಿದ್ದರು. ಅದು ಮರಳಲಿಲ್ಲ. ಗಾಜಿನೊಳಗೆ ಅದರ ಕೆಳಗೆ ‘ಅಜ್ಞಾತ ಕುಶಲಕರ್ಮಿ’ ಎಂದು ಬರೆದಿದ್ದರು. “ನನ್ನ ಕೈಯಿಂದ್ಲೇ ಚಹಾ ಕುಡಿದೋರಿಗೆ ನನ್ನ ಹೆಸರು ಗೊತ್ತಾಗ್ಲಿಲ್ವಂತೆ!” ಎಂದು ಅತ್ತೆ ಇಂದಿಗೂ ಕುದಿಯುತ್ತಿದ್ದರು.

ಬೆತ್ತ ಹೆಣೆಯುವ ಆ ಕೇರಿಯ ಕೂಸುಗಳೆಲ್ಲ ಮಲಗಿ ಬೆಳೆದ ತೊಟ್ಟಿಲು ಅದು. ಸೊಸೆ ಹೂಂ ಎಂದಳು. ಆದರೆ ಅಸಲಿಯನ್ನು ಅಟ್ಟಕ್ಕೇರಿಸಿ, ಅಂಥದ್ದೇ ಇನ್ನೊಂದನ್ನು ಹೆಣೆದಳು. ಚಹಾದ ನೀರು ಬಳಿದಳು, ಒಲೆಯ ಹೊಗೆಗೆ ಹಿಡಿದಳು, ಅಂಚನ್ನು ಕಲ್ಲಿನಿಂದ ಉಜ್ಜಿ ಸವೆಸಿದಳು.

ತೊಟ್ಟಿಲನ್ನು ಇಡುವ ದಿನ ಕೇರಿಯ ಹೆಂಗಸರೆಲ್ಲ ಮ್ಯೂಸಿಯಮ್ಮಿಗೆ ಬಂದರು.

“ನೋಡ್ರೇ ಇಲ್ಲಿ, ನನ್ನ ಮಗ ಕಚ್ಚಿದ ಗುರುತು!” ಪಕ್ಕದ ಮನೆಯ ಅಕ್ಕ ಕಣ್ಣೊರೆಸಿಕೊಂಡಳು.

ಅದು ಮೊನ್ನೆ ಇಕ್ಕಳ ಜಾರಿ ಆದ ಗುರುತು. ಸೊಸೆ ತಲೆ ತಗ್ಗಿಸಿದಳು.

ಪಕ್ಕದಲ್ಲೇ ಅತ್ತೆಯ ಪೆಟ್ಟಿಗೆಯಿತ್ತು. ‘ಅಜ್ಞಾತ’ ಹೋಗಿ, ಗಾಜಿನ ಹೊರಗಿನ ಫಲಕದಲ್ಲಿ ಅತ್ತೆಯ ಹೆಸರು ದಪ್ಪಕ್ಷರದಲ್ಲಿ ಬಂದಿತ್ತು. ಸೊಸೆ ಅದನ್ನು ಉಗುರಿನಿಂದ ಕೆರೆದು ನೋಡಿದಳು. ಅಂಟಿಸಿದ್ದಲ್ಲ, ಕೆತ್ತಿದ್ದು.

ಮೇಡಂ ತೊಟ್ಟಿಲನ್ನು ಗಾಜಿನೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಸೆಯ ಅಂಗೈಗೆ ಹಾಕಿದರು. “ನಿಮ್ಮದು. ಬೇಕೆನಿಸಿದಾಗ ಬಂದು ತಗೊಂಡ್ಹೋಗಿ.”

“ಇನ್ನೊಂದು ಕೀಲಿ ಯಾರ ಹತ್ರ?” ಅತ್ತೆ ತಟ್ಟನೆ ಕೇಳಿದರು.

“ಇನ್ನೊಂದಿಲ್ಲ, ಅಜ್ಜಿ.”

ಸೊಸೆ ಕೀಲಿ ತಿರುವಿದಳು. ಬೀಗ ತೆರೆಯಿತು. ಹಾಕಿ ಮತ್ತೆ ತಿರುವಿದಳು. ಆಗಲೂ ತೆರೆಯಿತು. ಆ ಕೀಲಿ ಅವಳ ಅಂಗೈಯಲ್ಲಿ ಕೆಂಡದಂತೆ ಸುಡತೊಡಗಿತು. ನಂಬಿ ಕೊಟ್ಟವರ ಕೈಗೆ ತಾನು ಕೊಟ್ಟದ್ದು ನಕಲಿ.

“ಮೇಡಂ, ನಾಳೆ ಬರ್ತೀನಿ. ತೊಟ್ಟಿಲಲ್ಲಿ ಒಂಚೂರು ಕೆಲಸ ಬಾಕಿ ಇದೆ.”

ಮೇಡಂ ತಮ್ಮ ಬೆರಳನ್ನು ಮೂಸಿಕೊಂಡರು. “ಬನ್ನಿ, ಬನ್ನಿ. ಚಹಾದ ವಾಸನೆ ನನಗೂ ಬಂತು.”

ಸೊಸೆಯ ಮುಖ ಹುಳ್ಳಗಾಯಿತು. ಮನೆ ಬಾಗಿಲಲ್ಲಿ ಅತ್ತೆ ಕೇಳಿದರು:

“ಅಟ್ಟದ ಮೇಲಿಂದನ್ನ ನಿಜವಾಗ್ಲೂ ಕೊಡ್ತೀಯೇನೇ?”

“ಕೊಡ್ತೀನಿ ಅತ್ತೆ.” ಸೊಸೆ ಬಾಗಿಲ ಬೀಗವನ್ನು ತೆಗೆದು ಕೈಯಲ್ಲಿ ತೂಗಿ ನೋಡಿದಳು. “ಆದ್ರೆ ಆ ಗಾಜಿಗೆ ಹಾಕೋ ಬೀಗ ಮಾತ್ರ ನಮ್ಮನೇದೇ.”