ಗೋಧಿ ಕೊಯ್ಯುವಷ್ಟು ಹೊತ್ತು

ನಾಲ್ಕು ದಿನದಿಂದ ಸಂಯುಕ್ತಾಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ತಂಗಿ ಸಮೀಕ್ಷಾ ಗಡಿಯ ಪೂಂಛ್‌ನಲ್ಲಿ, ಶೆಲ್ ದಾಳಿಗೆ ಹೆದರಿ, ಮೇಷ್ಟರಾದ ಗಂಡನನ್ನೂ ಮೂರು ವರ್ಷದ ಮಗಳನ್ನೂ ಕಟ್ಟಿಕೊಂಡು ಶಾಲೆಯ ನೆಲಮಾಳಿಗೆ ಸೇರಿದ್ದಳು. ಇಲ್ಲಿ ಇಂಗ್ಲೆಂಡಿನ ಸೆಲ್ಲಿ ಓಕ್‌ನಲ್ಲಿ ಸಂಯುಕ್ತಾಳ ಮನೆಗೆ ಅಂಟಿಕೊಂಡ ಮನೆ, ಅವಳು ಚಿಕ್ಕಮ್ಮನಂತೆ ಕಾಣುವ ಜರೀನಾ ಖಾಲಾ ಅವರದು. ಅವರ ತಮ್ಮನ ಹಳ್ಳಿ ಅದೇ ಗುಡ್ಡಸಾಲಿನ ಆಚೆ ಮಗ್ಗುಲಲ್ಲಿ, ಪಾಕಿಸ್ತಾನದ ಕಡೆ. ದಿನಾ ಬೇಲಿಯ ಮೇಲಿಂದ ಹಿಂದಿ-ಉರ್ದು ಬೆರೆಸಿ ಹರಟುತ್ತಿದ್ದ ಇಬ್ಬರೂ ಈ ನಾಲ್ಕು ದಿನ ಹಿತ್ತಲಿಗೇ ಬಂದಿರಲಿಲ್ಲ. ಜಗಳವೇನಿಲ್ಲ. ಬಂದರೆ ಏನಂತ ಮಾತಾಡುವುದು?

ಶನಿವಾರ ಮಧ್ಯಾಹ್ನ ಕದನ ವಿರಾಮದ ಸುದ್ದಿ ಬಂತು. ಸಂಯುಕ್ತಾ ಒಲೆ ಆರಿಸಿ ಬರಿಗಾಲಲ್ಲೇ ಹಿತ್ತಲಿಗೆ ಓಡಿದಳು. ಖಾಲಾ ಆಗಲೇ ಬೇಲಿ ಹಿಡಿದು ನಿಂತಿದ್ದರು.

"ಕೇಳಿದೆಯಾ ಮಗಳೇ?"

"ಕೇಳಿದೆ ಖಾಲಾ."

ಖಾಲಾ ಸುತ್ತಿ ಬಳಸಿ ಈ ಕಡೆ ಬಂದು ಬೆಂಚಿನ ಮೇಲೆ ಕೂತರು. ಹಿತವಾದ ಬಿಸಿಲು. ಯಾವುದೋ ಮರದ ಬಿಳಿ ಅರಳೆ ಗಾಳಿಯಲ್ಲಿ ತೇಲುತ್ತ, ಕೆಳಗಿಳಿಯಲು ಮನಸ್ಸಿಲ್ಲದೆ ಅಲೆಯುತ್ತಿತ್ತು. ಖಾಲಾ ತಮ್ಮನ ಹೊಲದ ಮಾತು ತೆಗೆದರು. ಗೋಧಿ ಮಾಗಿ ನಿಂತಿದೆಯಂತೆ, ಇನ್ನೆರಡು ದಿನ ಬಿಟ್ಟರೆ ಕಾಳೆಲ್ಲ ನೆಲಕ್ಕೆ ಉದುರುತ್ತದಂತೆ. ಕೇಳುತ್ತ ಕೇಳುತ್ತ ಸಂಯುಕ್ತಾಳ ತಲೆ ಅವರ ಹೆಗಲಿಗೆ ವಾಲಿತು.

ಕನಸಲ್ಲಿ ಗುಡ್ಡದ ತುಂಬ ಗೋಧಿ. ಸಮೀಕ್ಷಾ ಮಗಳನ್ನು ಸೊಂಟಕ್ಕೇರಿಸಿಕೊಂಡು ತೆನೆ ಸರಿಸುತ್ತ ನಡೆಯುತ್ತಿದ್ದಾಳೆ. ಏರು ಮುಗಿದು ಇಳಿಜಾರು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಯಾರೋ ಮುದುಕ ಕುಡುಗೋಲು ಕೆಳಗಿಟ್ಟು, ಮಗುವಿಗೆ ಲೋಟದ ತುಂಬ ಮಜ್ಜಿಗೆ ಕೊಟ್ಟ.

ಫೋನು ಬಡಿದುಕೊಂಡಾಗ ನಾಲ್ಕು ಗಂಟೆ, ಅಲ್ಲಿ ಆಗಲೇ ರಾತ್ರಿ. "ಅಕ್ಕ, ಮತ್ತೆ ಶುರುವಾಯ್ತು ಕಣೇ. ಮೇಲೆ ಬಂದು ಅಡುಗೆಗೆ ಇಟ್ಟಿದ್ದೆ. ಎಲ್ಲ ಬಿಟ್ಟು ಕೆಳಗೆ ಓಡಿದ್ವಿ."

ಸಂಯುಕ್ತಾ ಫೋನು ಕೆಳಗಿಟ್ಟಳು. ಖಾಲಾ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಮೊದಲ ದಿನ ನಂಬಬಾರದು ಮಗಳೇ. ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೇನೆ. ಎಷ್ಟು ಸಲ ನಿಂತಿತೋ, ಅಷ್ಟೂ ಸಲ ಶುರುವಾಯಿತು."

"ಹಾಗಿದ್ರೆ ನಿಂತು ಏನು ಬಂತು ಖಾಲಾ?"

"ನಿಂತಷ್ಟು ದಿನ ಪೈರು ಮನೆಗೆ ಬರುತ್ತೆ, ಮದುವೆಗಳಾಗುತ್ತವೆ. ಈಚೆಗೆ ನಾಲ್ಕು ವರ್ಷ ನಿಂತಿತ್ತು. ತಮ್ಮನ ಮೊಮ್ಮಗಳು ಹುಟ್ಟಿದ್ದೇ ಆಗ. ಮೊನ್ನೆ ಶೆಲ್ ಬಿದ್ದಾಗ ಅವಳು ಗುಡುಗು ಅಂದುಕೊಂಡು ಮಳೆ ನೋಡಲು ಹೊರಗೆ ಓಡಿದಳಂತೆ, ತಮ್ಮ ಹಿಡಿದು ಒಳಗೆಳೆದನಂತೆ." ಖಾಲಾ ಮಡಿಲಿಗೆ ಬಿದ್ದ ಅರಳೆಯನ್ನು ಕೊಡವಿದರು. "ಯಾವ ಮಗುವಿಗೂ ಆ ಸದ್ದಿನ ಗುರುತೇ ಸಿಗದ ಹಾಗೆ ನಿಂತರೆ, ಅದನ್ನು ಶಾಂತಿ ಅನ್ನಬಹುದು. ಅಲ್ಲೀವರೆಗೆ ಇದು ಬಿಡುವು, ಅಷ್ಟೇ."

ಆ ರಾತ್ರಿ ಕಳೆಯುತ್ತ ಗಡಿ ತಣ್ಣಗಾಯಿತು. ಭಾನುವಾರ ಸಮೀಕ್ಷಾ ಫೋಟೊ ಕಳಿಸಿದಳು. ಶಾಲೆಯ ಅಂಗಳದಲ್ಲಿ, ಬಿಸಿಲಲ್ಲಿ, ಬಕೆಟ್ಟಿನೊಳಗೆ ಕೂತು ಒದ್ದೆ ತಲೆಯ ಮಗು ನಗುತ್ತಿತ್ತು. ಐದು ದಿನದ ಮೇಲಿನ ಸ್ನಾನ. ಎತ್ತಲು ಹೋದರೆ ಒಲ್ಲೆ ಅನ್ನುತ್ತಿದೆಯಂತೆ.

ಖಾಲಾ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. "ತಮ್ಮನಿಗೆ ಕಳಿಸಲಾ?"

ಸಂಯುಕ್ತಾ ಒಂದು ಕ್ಷಣ ತಡೆದಳು. ಆಮೇಲೆ ಖಾಲಾ ಫೋನಿನಿಂದ ತಾನೇ ಕಳಿಸಿಕೊಟ್ಟಳು.

ಸಂಜೆ ಖಾಲಾ ಫೋನಿಗೆ ಆಚೆಯಿಂದ ತಮ್ಮನ ಮುದಿ ದನಿಯ ಸಂದೇಶ ಬಂತು, ಏದುಸಿರು ಬಿಡುತ್ತ. ಕೆಳಗಿನ ಹೊಲ ಕೊಯ್ದಾಯಿತಂತೆ. ಗುಡ್ಡದ ಮೇಲಿನ ಸೈನಿಕರ ಕಾವಲು ಠಾಣೆಗೆ ಕಾಣುವ ಮೇಲಿನ ಹೊಲಕ್ಕೆ ಹೋಗಲು ಇನ್ನೂ ಧೈರ್ಯ ಬಂದಿಲ್ಲವಂತೆ. ಕೊನೆಗೆ, "ಆ ಮಗುವಿನ ತಾಯಿಗೆ ಹೇಳು," ಅಂದಿತು ದನಿ, "ನಮ್ಮ ಗುಡ್ಡದ ನೀರು ಬಲು ತಣ್ಣಗೆ. ಮಗುವನ್ನು ಬಹಳ ಹೊತ್ತು ಕೂರಿಸಬೇಡ ಅನ್ನು."