ಚಿನ್ನಿಯಕ್ಕನ ಕಣದ ದಾರಿ

ಗುಡ್ಡದ ಮೇಲೆ ಗಾಡಿ ಎಣಿಸಲು ಕೂತ ಚಂದ್ರು ಅಲ್ಲೇ ತೂಕಡಿಸುತ್ತಿದ್ದಾನೆ ಎಂದು ಧನುಶ್ರೀ ಮೊದಲ ದಿನ ನಂಬಿದಳು. ಮರುದಿನ, ಅವನು ಮನಸ್ಸಿಗೆ ಬಂದ ಲೆಕ್ಕ ಬರೆಯುತ್ತಿದ್ದಾನೆ ಎಂದುಕೊಂಡಳು. ಅದರ ಮರುದಿನ ಇಬ್ಬರೂ ಜಗಳವಾಡಿ ಜಾಗ ಬದಲಾಯಿಸಿ ಕೂತರು. ಆಗಲೂ ಅದೇ ಕತೆ. ಕೆಳಗಿನ ಮೋರಿ ದಾಟಿ ಗುಡ್ಡ ಹತ್ತಿದ ಗಾಡಿಗಳಲ್ಲಿ ಕೆಲವು ಮೇಲಿನ ಬಸ್ ತಂಗುದಾಣಕ್ಕೆ ಬಂದು ಮುಟ್ಟುತ್ತಲೇ ಇರಲಿಲ್ಲ. ನಡುವೆ ಇರುವುದು ಒಂದೇ ರಸ್ತೆ, ಎರಡೂ ಬದಿಗೆ ಕಾಫಿ ತೋಟದ ಬೇಲಿ. ಹೋದ ಗಾಡಿಯೇನು ಹಲಸಿನ ಮರ ಹತ್ತಿ ಕೂರುತ್ತದೆಯೇ?

"ಈಗೇನಂತೀಯಾ? ನೀನೂ ನಿದ್ದೆ ಹೊಡೆದ್ಯಾ?" ಎಂದು ಚಂದ್ರು ಕೆಳಗಿನಿಂದ ಫೋನು ಮಾಡಿ ಕೇಳಿದ. ಅವನ ದನಿಯಲ್ಲಿದ್ದ ಸಂತೋಷಕ್ಕೆ ಧನುಶ್ರೀಗೆ ಮೈಯೆಲ್ಲ ಉರಿಯಿತು.

ಇಬ್ಬರೂ ಕುಶಾಲನಗರದ ಕಡೆಯವರು. ಮಡಿಕೇರಿಯಲ್ಲಿ ಅಭಿಲಾಷ್ ಎಂಬವರು ನಡೆಸುತ್ತಿದ್ದ ಸಣ್ಣ ಕಚೇರಿಯಲ್ಲಿ ಕೆಲಸ. ಎಲ್ಲಿಯಾದರೂ ದೊಡ್ಡ ಕಟ್ಟಡ ಏಳುವುದಿದ್ದರೆ, ಅದರಿಂದ ರಸ್ತೆಗೆ ಎಷ್ಟು ಗಾಡಿ ಹೆಚ್ಚಾಗುತ್ತದೆ, ರಸ್ತೆ ತಾಳುತ್ತದೆಯೇ, ತಾಳದಿದ್ದರೆ ಏನು ಮಾಡಬೇಕು ಎಂದು ನೋಡಿ ವರದಿ ಬರೆಯುವುದು ಆ ಕಚೇರಿಯ ಕಸುಬು. ನಾಪೋಕ್ಲಿನಿಂದ ಗುಡ್ಡಕ್ಕೆ ಹೋಗುವ ಈ ರಸ್ತೆಯ ಮೇಲುಗಡೆ, ವಿರಾಜಪೇಟೆಯ ವ್ಯಾಪಾರಿಯೊಬ್ಬರು ಮದುವೆ ಮಂಟಪ ಕಟ್ಟಲು ಹೊರಟಿದ್ದರು. ಧನುಶ್ರೀ ಸ್ವತಃ ಬರೆಯಬೇಕಾದ ಮೊದಲ ವರದಿ ಇದು.

"ಒಂದೇ ರಸ್ತೆ ಉಂಟು ಅಂತ ಬರೆದ್ರೆ ಫೈಲು ಹೋದ ದಾರಿಯಲ್ಲೇ ವಾಪಸ್ ಬರ್ತದೆ," ಎಂದಿದ್ದರು ಅಭಿಲಾಷ್. "ಎರಡನೇ ದಾರಿ ಏನಾದ್ರೂ ಉಂಟಾ ನೋಡು. ಒಂದು ಸಿಕ್ಕಿದ್ರೆ ಸಾಕು, ಮಂಟಪ ಎದ್ದ ಹಾಗೆ."

ಧನುಶ್ರೀಗೆ ಮಂಟಪ ಏಳುವುದು ಬೀಳುವುದು ಅಷ್ಟು ಮುಖ್ಯವಾಗಿರಲಿಲ್ಲ. ಆ ಗಾಡಿಗಳು ಎಲ್ಲಿಗೆ ಹೋದವು ಎಂಬುದೇ ಅವಳ ತಲೆ ತಿನ್ನುತ್ತಿತ್ತು. ಗೊತ್ತಾಗದೆ ಉಳಿದ ಸಂಗತಿಯೆಂದರೆ ಅವಳಿಗೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಮಾವಿನ ನಾರಿನ ಹಾಗೆ. ತೆಗೆಯುವ ತನಕ ನಾಲಿಗೆಗೆ ಬೇರೆ ಕೆಲಸವಿಲ್ಲ.

ತಾನೇ ನೋಡಬೇಕೆಂದು ಅವಳು ಇಳಿದು ಬಂದು ಮೋರಿಯ ಹತ್ತಿರ ಕೂತಳು. ಅಲ್ಲಿ ಅವಳಿಗೆ ದಾರಿ ತೋರಿಸಿದ್ದು ಮೀನು ಮಾರುವ ಕಾಕನ ಹಾರ್ನು. ಮೀನಿನ ಪೆಟ್ಟಿಗೆ ಕಟ್ಟಿದ ಸ್ಕೂಟರು ಪೋಂ ಪೋಂ ಎನ್ನುತ್ತ ಅವಳ ಮುಂದೆಯೇ ಮೋರಿ ದಾಟಿ ಹೋಯಿತು. ತಿರುವಿನಲ್ಲಿ ಮರೆಯಾದ ಮೇಲೆ ಹಾರ್ನು ರಸ್ತೆಯ ಕಡೆಯಿಂದ ಕೇಳಬೇಕಿತ್ತು. ಕೇಳಿದ್ದು ಎಡಗಡೆಯ ತೋಟದ ಒಳಗಿನಿಂದ. ಧನುಶ್ರೀ ಎದ್ದೇಬಿಟ್ಟಳು. ಸ್ವಲ್ಪ ಮೇಲೆ, ಬೇಲಿಯಲ್ಲಿ ಒಂದು ಹಳೆಯ ತಡಮೆ, ಗಾಡಿ ನುಗ್ಗುವಷ್ಟು ಬಾಯಿ. ಹೊರಗಿನಿಂದ ನೋಡಿದರೆ ಲಂಟಾನ ಮುಚ್ಚಿದ ಮೂಲೆ. ಬಗ್ಗಿ ನೋಡಿದರೆ ಒಳಗೆ ಚಕ್ರ ಉರುಳಿ ಉರುಳಿ ನುಣುಪಾದ ಎರಡು ಗೆರೆ, ಕಾಫಿ ಗಿಡಗಳ ನಡುವೆ ಗುಡ್ಡ ಹತ್ತಿ ಹೋಗಿದ್ದವು.

ಖುಷಿಯಲ್ಲಿ ಅವಳಿಗೆ ನಿಲ್ಲಲು ಆಗಲಿಲ್ಲ. ಅಲ್ಲಿಂದಲೇ ಅಭಿಲಾಷರಿಗೆ ಫೋನು ಮಾಡಿ, "ಸಾರ್, ಎರಡನೇ ದಾರಿ ಸಿಕ್ತು! ಜೀಪು ಆರಾಮಾಗಿ ಹೋಗುತ್ತೆ!" ಎಂದು ಕೂಗಿದಳು. ಅದು ಎಲ್ಲಿಂದ ಎಲ್ಲಿಗೆ, ಯಾರ ಜಾಗದಲ್ಲಿ ಹೋಗುತ್ತದೆ ಎಂದು ನೋಡಿ ಆಮೇಲೆ ಕೂಗಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ಅಜ್ಜಿ ಹೇಳುತ್ತಿದ್ದರು. ಮೊಮ್ಮಗಳಿಗೆ ಅದು ನೆನಪಾದದ್ದು ಅರ್ಧ ಗಂಟೆ ತಡವಾಗಿ.

ದಾರಿ ಹೋಗಿ ಸೇರಿದ್ದು ಒಂದು ಮನೆಯ ಅಂಗಳಕ್ಕೆ. ಅಂಗಳವೆಂದರೆ ಕಾಫಿ ಕಣ. ಕೊಯ್ದ ಹಣ್ಣನ್ನು ಬಿಸಿಲಿಗೆ ಹರವಿದ್ದರು. ಕೆಲವು ಇನ್ನೂ ಕೆಂಪು, ಹೆಚ್ಚಿನವು ಕಪ್ಪಾಗಿದ್ದವು. ಕಣದ ಅಂಚಿನಲ್ಲಿ ಒಂದು ಗಾಡಿ ಹೋಗುವಷ್ಟು ಮಾತ್ರ ಜಾಗ ಬಿಟ್ಟಿದ್ದರು. ಸ್ಕೂಟರು ಅಲ್ಲಿ ನಿಂತಿತ್ತು. ಮೀನಿನ ಕಾಕ ಲುಂಗಿ ಎತ್ತಿ ಕಟ್ಟಿ, ಉದ್ದ ಹಿಡಿಯ ಮರದ ಹಲಗೆ ಹಿಡಿದು, ಕಣದ ಈ ತುದಿಯಿಂದ ಆ ತುದಿಗೆ ಕಾಫಿ ಮಗುಚುತ್ತಿದ್ದರು.

ಧನುಶ್ರೀ ಬಾಯಿ ತೆರೆದು ನಿಂತಳು. ಅಷ್ಟರಲ್ಲಿ ಒಂದು ಪಿಕಪ್ ಬಂತು. ಅದರ ಚಾಲಕ ಇಳಿದು, ಯಾರನ್ನೂ ಕೇಳದೆ ಗೋಡೆಗೆ ಒರಗಿಸಿದ್ದ ಇನ್ನೊಂದು ಹಲಗೆ ತೆಗೆದುಕೊಂಡು, ಒಂದು ಸುತ್ತು ಎಳೆದು, ಜಗಲಿಯ ಕಡೆ ಕೈಯೆತ್ತಿ ಹೊರಟುಹೋದ. ಜಗಲಿಯಲ್ಲಿ ಒಂದು ಕಾಲು ಚಾಚಿಕೊಂಡು ಕೂತಿದ್ದ ಗಂಡಸು ತಾನೂ ಕೈಯೆತ್ತಿದರು.

"ಎಂಥ ನೋಡುದು? ನೀನು ಯಾವ ಗಾಡಿಯಲ್ಲಿ ಬಂದದ್ದು?" ಮೀನಿಗೆ ಪಾತ್ರೆ ಹಿಡಿದು ಒಳಗಿನಿಂದ ಬಂದ ಹೆಂಗಸು ಕೇಳಿದಳು. ಐವತ್ತರ ಸುಮಾರು, ತಲೆಗೆ ವಸ್ತ್ರ. ಗಂಡನ ಹತ್ತಿರ ಅರೆಭಾಷೆ, ಕಾಕನ ಹತ್ತಿರ ಮಲಯಾಳ, ಧನುಶ್ರೀಯ ಹತ್ತಿರ ಕನ್ನಡ, ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಹೆಸರು ಚಿನ್ನಿ. ಊರಿಗೆಲ್ಲ ಚಿನ್ನಿಯಕ್ಕ.

"ನಡ್ಕೊಂಡು ಬಂದೆ ಅಕ್ಕ."

"ನಡೆದವರಿಗೂ ಬಿಡೂದಿಲ್ಲ. ಕಣ ದಾಟುದಾದ್ರೆ ಒಂದು ಸುತ್ತು ಎಳೀಬೇಕು." ಹಲಗೆ ಧನುಶ್ರೀಯ ಕೈಗೆ ಬಂತು.

ಅವಳು ಎಳೆದಳು. ಸಾಲು ಹಾವು ಹರಿದ ಹಾಗೆ ಸೊಟ್ಟಗಾಯಿತು. ಜಗಲಿಯ ಮೇಲಿದ್ದ ಮೊಣ್ಣಪ್ಪ, ಅಂದರೆ ಚಿನ್ನಿಯಕ್ಕನ ಗಂಡ, ಮನಸಾರೆ ನಕ್ಕರು. ಧನುಶ್ರೀಗೂ ನಗು ಬಂತು. ಎಷ್ಟೋ ದಿನದಿಂದ ಇಷ್ಟು ಖುಷಿ ಆಗಿರಲಿಲ್ಲ ಅವಳಿಗೆ. ಮೂರು ದಿನ ಕಾಡಿದ ಒಗಟಿಗೆ ಇಂಥ ಉತ್ತರ ಇರಬಹುದು ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

"ಯಾರು ಮಾಡಿದ ನಿಯಮ ಅಕ್ಕ ಇದು?"

"ನಾನು ಮಾಡಿದ್ದಲ್ಲಪ್ಪ," ಎಂದಳು ಚಿನ್ನಿಯಕ್ಕ, ಮೆಟ್ಟಿಲ ಮೇಲೆ ಕೂತು ಮೀನು ತೊಳೆಯುತ್ತ. "ಸುಮಾರು ವರ್ಷದ ಹಿಂದೆ ಒಮ್ಮೆ ಮಳೆಗೆ ದೊಡ್ಡ ರಸ್ತೆ ಬದಿ ಕುಸಿದು ಕೊಯ್ಲಿನ ತನಕ ಬಂದ್ ಆಗಿತ್ತು. ಎಲ್ಲಾ ಗಾಡಿ ಈ ಬಂಡಿದಾರಿಯಲ್ಲೇ. ಆಗಲೇ ಇವರು ಮರಕ್ಕೆ ಹಬ್ಬಿದ ಒಳ್ಳೆಮೆಣಸು ಕೊಯ್ಲಿಕ್ಕೆ ಹತ್ತಿ ಏಣಿಯಿಂದ ಬಿದ್ರು. ಕಣದ ತುಂಬ ಕಾಫಿ. ಹಾಗೇ ಬಿಟ್ಟು ಮಡಿಕೇರಿ ಆಸ್ಪತ್ರೆಗೆ ಓಡಿದ್ದು ನಾನು. ಎಲ್ಲಾ ಬೂಷ್ಟು ಹಿಡಿದಿರ್ತದೆ, ಈ ವರ್ಷದ ಕತೆ ಮುಗೀತು ಅಂತ ಅತ್ತುಕೊಂಡೇ ವಾಪಸ್ ಬಂದೆ. ನೋಡಿದ್ರೆ ಕಾಫಿ ಒಣಗಿ ಗಲಗಲ ಅಂತ ಉಂಟು. ಗುಡ್ಡೆ ಮಾಡಿ ಟಾರ್ಪಾಲು ಸಹ ಹೊದೆಸಿದ್ದಾರೆ. ಯಾರು ಮಾಡಿದ್ದು ಅಂತ ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲಾ ಒಂದೇ ಮಾತು: ನಾನು ಒಂದು ಸುತ್ತು ಮಾತ್ರ ಎಳೆದದ್ದು."

"ರಸ್ತೆ ಸರಿ ಆದ್ಮೇಲೆ?"

"ಗಾಡಿಯವರು ಬಿಡಬೇಕಲ್ಲ! ದೊಡ್ಡ ರಸ್ತೆಯಲ್ಲಿ ಬಸ್ಸು ಎದುರು ಬಂದ್ರೆ ಹಿಂದೆ ಹಿಂದೆ ಹೋಗಬೇಕು, ಇಲ್ಲಿ ಆ ರಗಳೆ ಇಲ್ಲ. ಮಳೆಗಾಲದಲ್ಲಿ ಕಾಫಿ ಇಲ್ಲದಾಗ ಇವರ ಹತ್ರ ಎರಡು ಮಾತಾಡಿ ಹೋಗ್ತಾರೆ. ಇವರಿಗೂ ಹೊತ್ತು ಹೋಗ್ತದೆ."

ಧನುಶ್ರೀ ಎರಡನೆಯ ಸುತ್ತು ಶುರುಮಾಡಿದ್ದಳು, ಯಾರೂ ಹೇಳದೆ. ಅರ್ಧ ಮುಗಿದಾಗ ಫೋನು ಬಂತು.

"ಹಳೇ ನಕ್ಷೆ ತೆಗೆದು ನೋಡಿದೆ," ಎಂದರು ಅಭಿಲಾಷ್. "ಬಂಡಿದಾರಿ ಅಂತ ಚುಕ್ಕಿ ಗೆರೆ ಉಂಟು. ಅದನ್ನೇ ಹಿಡಿದು ಅಗಲ ಮಾಡಿ ಡಾಂಬರು ಹಾಕಿಸಿದ್ರೆ ಆಯ್ತು. ಒಂದು ಮನೆಯ ಅಂಗಳ ಹೋಗಬಹುದು, ಅಷ್ಟೇ. ನಾಳಿದ್ದು ನಾನೇ ಕಾರು ತರ್ತೇನೆ. ಒಳ್ಳೆ ಕೆಲಸ ಮಾಡಿದೆ ನೀನು!"

ಮುಚ್ಚಿಡಬಹುದಿತ್ತು. ಮುಚ್ಚಿಡುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. ಮಂಟಪದ ಸುದ್ದಿ, ವರದಿಯ ಸುದ್ದಿ, ತಾನು ಮಾಡಿದ ಫೋನು, ಎಲ್ಲವನ್ನೂ ಕಣದ ನಡುವೆ ನಿಂತೇ ಹೇಳಿದಳು. ಚಿನ್ನಿಯಕ್ಕ ಬೈಯಲಿಲ್ಲ. ಕೈ ಒರೆಸಿಕೊಂಡು ಬಂದು, ಹಲಗೆಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

"ಬಿಡು ಸಾಕು. ಸರ್ಕಾರದ ರಸ್ತೆಯಲ್ಲಿ ಹೋಗುವವರಿಗೆ ನಾನು ಕೆಲಸ ಹೇಳೂದಿಲ್ಲ."

ಉಳಿದ ಅರ್ಧ ಸುತ್ತನ್ನು ಅವಳೇ ಎಳೆಯತೊಡಗಿದಳು. ಮೊಣ್ಣಪ್ಪ ತೋಟದ ಕಡೆ ಮುಖ ಮಾಡಿ ಕೂತರು. ಧನುಶ್ರೀಗೆ ಕೆನ್ನೆಗೆ ಹೊಡೆಸಿಕೊಂಡಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಅವಳು ತಂಗುದಾಣದಲ್ಲಿ ಕೂರಲಿಲ್ಲ. ಆ ಬಂಡಿದಾರಿ ಮೇಲೆ ಎಲ್ಲಿ ಬಂದು ರಸ್ತೆಗೆ ಸೇರುತ್ತದೆ ಎಂದು ಹುಡುಕಿಕೊಂಡು ಹೋದಳು. ಸೇರುವುದು ತಂಗುದಾಣದಿಂದ ಮೇಲೆ, ಕಡಿದಾದ ಒಂದು ತಿರುವಿನಲ್ಲಿ. ಆ ಕಡೆಯಿಂದ ಬರುವುದು ಈ ಕಡೆಗೆ ಕಾಣದು. ಇಂಥ ಜಾಗದಲ್ಲಿ ದಿನಕ್ಕೊಂದು ಡಿಕ್ಕಿ ಆಗಬೇಕು. ಆದರೆ ರಸ್ತೆಯಲ್ಲಿ ಒಂದು ಚೂರು ಗಾಜಿಲ್ಲ, ಪಕ್ಕದ ಕಲ್ಲಿಗೆ ಒಂದು ಗೀರಿಲ್ಲ. ಯಾಕಿಲ್ಲ? ದುಃಖದ ನಡುವೆಯೂ ಅವಳ ಕುತೂಹಲ ಕಿವಿ ನಿಮಿರಿಸಿತು.

"ಬಸ್ಸಿನ ಹಿಂದೆ ಸಿಕ್ಕಾಕೊಂಡಿದ್ದ ಮೂರು ಜೀಪು ಒಟ್ಟಿಗೆ ತಡಮೆ ಒಳಗೆ ಹೋದ್ವು ನೋಡು," ಎಂದು ಚಂದ್ರು ಕೆಳಗಿನಿಂದ ಫೋನಿನಲ್ಲಿ ಹೇಳಿದ. ಧನುಶ್ರೀ ಕಾದಳು. ಒಂದು ಜೀಪು ಬಂತು. ತಿರುವಿನ ಬಾಯಿಯಲ್ಲಿ ನಿಂತು, ಹಾರ್ನು ಮಾಡಿ, ಸಾವಕಾಶವಾಗಿ ರಸ್ತೆಗೆ ಏರಿತು. ಬಹಳ ಹೊತ್ತಿನ ಮೇಲೆ ಎರಡನೆಯದು. ಇನ್ನೂ ಬಹಳ ಹೊತ್ತಿನ ಮೇಲೆ ಮೂರನೆಯದು. ಒಟ್ಟಿಗೆ ಹೋದವು ಬಿಡಿಬಿಡಿಯಾಗಿ ಯಾಕೆ ಬಂದವು? ಅವಳಿಗೆ ಥಟ್ಟನೆ ಹೊಳೆಯಿತು. ಕೆಳಗೆ ಕಣದಲ್ಲಿ ಒಬ್ಬೊಬ್ಬರೂ ಇಳಿದು ಹಲಗೆ ಎಳೆಯುತ್ತಿದ್ದರು! ಈ ಬೆಟ್ಟಕ್ಕೆ ಯಾರೂ ಹಾಕದ ಸಿಗ್ನಲ್ ದೀಪ ಚಿನ್ನಿಯಕ್ಕನ ಗೋಡೆಗೆ ಒರಗಿ ನಿಂತಿತ್ತು.

ಇದನ್ನು ಅಭಿಲಾಷರಿಗೆ ಹೇಗೆ ಹೇಳುವುದು ಎಂದು ಇಡೀ ಸಂಜೆ ಯೋಚಿಸಿದಳು. ನಕ್ಕುಬಿಟ್ಟರೆ? ಚುಕ್ಕಿ ಗೆರೆಯ ಮುಂದೆ ಹಲಗೆಯ ಮಾತು ನಿಲ್ಲುತ್ತದೆಯೇ? ನಿಲ್ಲದಿದ್ದರೆ ಆ ಕಣ ಹೋಯಿತು, ಹೋದದ್ದು ತನ್ನ ಬಾಯಿಂದ.

ಹೇಳಿದ ದಿನ ಅಭಿಲಾಷ್ ಕಾರಿನಲ್ಲಿ ಬಂದರು. ಧನುಶ್ರೀ ಮೇಲಿನ ತಿರುವಿನಲ್ಲಿ ಕಾಯುತ್ತಿದ್ದಳು. ಅವರ ಕಾರು ಕಣಕ್ಕೆ ಬಂದಾಗ ಆದದ್ದನ್ನು ಆಮೇಲೆ ಅವರೇ ಹೇಳಿದರು. ಮುಂದೆ ಒಂದು ಪಿಕಪ್ ಇತ್ತಂತೆ. ಅದರವನು ಹಲಗೆ ಇಟ್ಟು ಗಾಡಿ ಹತ್ತುತ್ತಿದ್ದ. ಅಭಿಲಾಷ್ ಕಾರು ನಿಲ್ಲಿಸಿದರೆ, ಒಬ್ಬ ಹೆಂಗಸು, "ನೀವು ಹೋಗಿ ಸಾರ್, ಹೋಗಿ, ನಿಮ್ಮದೇ ರಸ್ತೆ," ಎಂದು ಕೈ ಬೀಸಿದಳಂತೆ. ಎಷ್ಟು ಮರ್ಯಾದೆಯ ಜನ ಎಂದುಕೊಂಡು ಅವರು ಪಿಕಪ್ಪಿನ ಬಾಲ ಹಿಡಿದೇ ಹೊರಟರು.

ಧನುಶ್ರೀ ಕಂಡದ್ದು ಇಷ್ಟು. ಪಿಕಪ್ ಎಂದಿನಂತೆ ತಿರುವಿನ ಬಾಯಿಗೆ ಬಂತು, ಮೂತಿ ಹೊರಗೆ ಹಾಕಿತು. ಅದೇ ಹೊತ್ತಿಗೆ ಮೇಲಿನಿಂದ ಬಸ್ಸು. ಪಿಕಪ್ಪಿನವನು ಹಿಂದಕ್ಕೆ ಸರಿಯಲು ನೋಡಿದ. ಸರಿಯಲು ಹಿಂದೆ ಜಾಗವೇ ಇರಲಿಲ್ಲ. ಅಭಿಲಾಷರ ಕಾರು ಅಂಟಿಕೊಂಡು ನಿಂತಿತ್ತು. ಬಸ್ಸು ಕಿರುಚಿಕೊಂಡು, ಎಲ್ಲರ ಜೀವ ಬಾಯಿಗೆ ತಂದು, ಪಿಕಪ್ಪಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಬಸ್ಸಿನ ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. ಪಿಕಪ್ಪಿನವನನ್ನು ಅವನು ಬೈಯಲೇ ಇಲ್ಲ. ಹಿಂದಿನ ಕಾರಿಗೆ ಬೆರಳು ತೋರಿಸಿ, "ಏಯ್ ಕಾರು! ಹಲಗೆ ಎಳೀಲಿಕ್ಕೆ ನಿಂಗೆ ಕೈ ಇಲ್ವಾ?" ಎಂದು ಕೂಗಿದ.

ಅಭಿಲಾಷ್ ಇಳಿದರು. ಬಸ್ಸು, ಪಿಕಪ್ ಎರಡೂ ಹೋದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ನೀರು ಕುಡಿದರು.

"ಅವನು ಎಂಥ ಹಲಗೆ ಅಂದದ್ದು?"

ಧನುಶ್ರೀ ಎಲ್ಲ ಹೇಳಿದಳು, ಮೀನಿನ ಕಾಕನಿಂದ ಹಿಡಿದು ಮೂರು ಜೀಪಿನ ತನಕ. ಅವರು ನಗಲಿಲ್ಲ. "ಡಾಂಬರು ಹಾಕಿದ್ರೆ ಯಾರೂ ಇಳಿಯೂದಿಲ್ಲ," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಮದುವೆ ದಿನ ಸಾಲಾಗಿ ಬರ್ತಾರೆ. ಒಂದರ ಹಿಂದೆ ಒಂದು, ನನ್ನ ಹಾಗೆ."

"ಹೂಂ ಸಾರ್."

"ಹಾಗಾದ್ರೆ ಎಂಥ ಬರೀತಿ?"

"ಮಂಟಪದ ಗಾಡಿಗಳಿಗೆ ಈ ದಾರಿ ಆಗಲ್ಲ ಅಂತ. ನೆಂಟರ ಕಾರೆಲ್ಲ ನಾಪೋಕ್ಲಲ್ಲೇ ನಿಲ್ಲಲಿ, ಅಲ್ಲಿಂದ ಮಂಟಪದವರು ವ್ಯಾನು ಬಿಡಲಿ. ಬಸ್ಸಿಗೆ ದಾರಿ ಬಿಡೋಕೆ ದೊಡ್ಡ ರಸ್ತೆ ಪಕ್ಕ ಅವರದೇ ಜಾಗ ಇದೆ, ಅದನ್ನ ಬಿಟ್ಕೊಡ್ಲಿ. ಈ ಬಂಡಿದಾರಿ ಮುಟ್ಟಬಾರದು, ಬೋರ್ಡೂ ಹಾಕಬಾರದು."

"ಮಾಲೀಕರು ನನ್ನ ತಲೆ ತಿಂತಾರಲ್ಲ ಮಾರಾಯ್ತಿ!"

"ಬಸ್ಸು ತಿನ್ನೋದಕ್ಕಿಂತ ವಾಸಿ ಅಲ್ವಾ ಸಾರ್?"

ಈಗ ನಕ್ಕರು. ಬಸ್ಸು ನಿಂತಿದ್ದ ಜಾಗವನ್ನು ಇನ್ನೊಮ್ಮೆ ನೋಡಿ, "ಬರಿ," ಎಂದರು.

ವರದಿಗೆ ಅವರ ಸಹಿ ಬಿದ್ದ ದಿನ ಧನುಶ್ರೀ ಸ್ಕೂಟರಿನಲ್ಲಿ ಕಣಕ್ಕೆ ಬಂದಳು. ಬಿಸಿಲು ಚೆನ್ನಾಗಿತ್ತು. ಹೆಲ್ಮೆಟ್ಟನ್ನೂ ತೆಗೆಯದೆ, ಒಪ್ಪಿಸುವ ಹಾಗೆ ಎಲ್ಲ ಹೇಳಿ ಮುಗಿಸಿದಳು. ಚಿನ್ನಿಯಕ್ಕ ಕೇಳುತ್ತ ಕೇಳುತ್ತ ಕಾಫಿ ಮಗುಚುತ್ತಲೇ ಇದ್ದಳು. ಮುಗಿದ ಮೇಲೆ ಜಗಲಿಯ ಕಡೆ ತಿರುಗಿ ಗಂಡನಿಗೆ ಅರೆಭಾಷೆಯಲ್ಲಿ ಏನೋ ಅಂದಳು. ಮೊಣ್ಣಪ್ಪ ಧನುಶ್ರೀಯ ಕಡೆ ನೋಡಿ ಕೈಯೆತ್ತಿದರು, ಪಿಕಪ್ಪಿನವನಿಗೆ ಎತ್ತಿದ ಹಾಗೆಯೇ.

ಆದರೂ ಹಲಗೆ ಚಿನ್ನಿಯಕ್ಕನ ಕೈಯಲ್ಲೇ ಇತ್ತು. ಮೊಣ್ಣಪ್ಪ ಕೈಯೆತ್ತಿದರಲ್ಲ, ಅಷ್ಟು ಸಾಕು, ಹೆಚ್ಚು ಆಸೆ ಪಡಬಾರದು ಎಂದುಕೊಂಡು ಧನುಶ್ರೀ ಸ್ಕೂಟರಿನ ಕಡೆ ತಿರುಗಿದಳು.

"ಎಲ್ಲಿಗೆ ಹೊರಟದ್ದು?" ಚಿನ್ನಿಯಕ್ಕನ ದನಿ ಹಿಂದಿನಿಂದ ಗದರಿತು. "ಮೊನ್ನೆಯ ಅರ್ಧ ಸುತ್ತು ಯಾರು ಎಳೀತಾರೆ? ಇವತ್ತಿನದ್ದು ಬೇರೆ ಉಂಟು."

ಹಲಗೆ ಕೈಗೆ ಬಂತು. ಧನುಶ್ರೀಗೆ ಕಣ್ಣು ತುಂಬಿ ಕಾಫಿ ಸರಿಯಾಗಿ ಕಾಣಿಸಲಿಲ್ಲ, ಸಾಲು ಮತ್ತೆ ಸೊಟ್ಟಗಾಯಿತು. ಹಿಂದೆ ಒಂದು ಜೀಪು ಬಂದು, ಹಾರ್ನು ಮಾಡದೆ, ತನ್ನ ಸರದಿಗೆ ಕಾದು ನಿಂತಿತು.